ಗೇಮ್ ಟೀಸರ್‌ನ ಗೂಢ ಸಂದೇಶ ಬಿಡಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

2010ರ ಮಾರ್ಚ್ 1ರಂದು ವಾಲ್ವ್ ಎಂಬ ವಿಡಿಯೊ ಗೇಮ್ ಸಂಸ್ಥೆ ತನ್ನ ‘ಪೋರ್ಟಲ್’ ಆಟಕ್ಕೆ ಒಂದು ಪುಟ್ಟ ಅಪ್‌ಡೇಟ್ ಬಿಡುಗಡೆ ಮಾಡಿತು. ಅದರ ವಿವರಣೆಯಲ್ಲಿ ಒಂದು ವಿಚಿತ್ರ ಸಾಲಿತ್ತು: ಸರ್ಕಾರದ ತರಂಗಾಂತರ ನಿಯಮಗಳಿಗೆ ಅನುಗುಣವಾಗಿ ರೇಡಿಯೊ ಪ್ರಸಾರದ ಆವರ್ತನವನ್ನು ಬದಲಿಸಲಾಗಿದೆ. ಆಟ ಬಂದದ್ದು 2007ರಲ್ಲಿ. ಅದರೊಳಗಿನ ರೇಡಿಯೊ ಕೋಣೆಯಲ್ಲಿ ಬಿದ್ದಿರುವ ಒಂದು ವಸ್ತು, ಅಷ್ಟೇ. ಅದಕ್ಕೆ ಯಾವ ಸರ್ಕಾರದ ನಿಯಮ ಅನ್ವಯಿಸುತ್ತದೆ? ಹೀಗೆ ಕೇಳಿಕೊಂಡವರು ಹಳೆಯ ಆಟವನ್ನು ಮತ್ತೆ ತೆರೆದರು. ರೇಡಿಯೊಗಳನ್ನು ಎತ್ತಿಕೊಂಡು ಕೋಣೆಯ ಒಂದು ನಿರ್ದಿಷ್ಟ ಜಾಗಕ್ಕೆ ಒಯ್ದರೆ ಅದರ ಕೆಂಪು ದೀಪ ಹಸಿರಾಗುತ್ತಿತ್ತು, ಹಾಡಿನ ಬದಲು ಬೇರೊಂದು ಸದ್ದು ಕೇಳಿಸುತ್ತಿತ್ತು. ಇಂಥ ರೇಡಿಯೊಗಳು ಒಟ್ಟು 26. ಕೆಲವು ಸದ್ದುಗಳು ಚುಕ್ಕಿ-ಗೆರೆಗಳಲ್ಲಿ ಅಕ್ಷರ ಹೇಳುವ ಮೋರ್ಸ್ ಸಂಕೇತ, ಕೆಲವು ಧ್ವನಿಯಾಗಿ ಮಾರ್ಪಟ್ಟ ಚಿತ್ರಗಳು. ಚಿತ್ರಗಳಲ್ಲಿ ಒಂದು ಹ್ಯಾಶ್ (ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ, ನಿಗದಿತ ಉದ್ದದ ಅಂಕಿ-ಅಕ್ಷರಗಳ ಸಾಲು), ಹ್ಯಾಶ್‌ನ ಹಿಂದೆ ಒಂದು ದೂರವಾಣಿ ಸಂಖ್ಯೆ, ಆ ಸಂಖ್ಯೆಯ ತುದಿಯಲ್ಲಿ ಮೋಡೆಮ್‌ಗೆ ಮಾತ್ರ ಉತ್ತರಿಸುವ ಹಳೆಯ ಕಾಲದ ಬುಲೆಟಿನ್ ಬೋರ್ಡ್, ಅಂದರೆ ಫೋನ್ ತಂತಿಯ ಮೂಲಕ ಕಂಪ್ಯೂಟರಿನಿಂದ ತಲುಪುವ ಸಂದೇಶ ಫಲಕ. ಅದರೊಳಗೆ ಹೋಗಲು ಬೇಕಾದ ಹೆಸರು ಮತ್ತು ಪಾಸ್‌ವರ್ಡ್ ಮೋರ್ಸ್ ಸಂದೇಶದಲ್ಲೇ ಇತ್ತು. ಇದಿಷ್ಟೂ ಮುಂದಿನ ಆಟದ ಟೀಸರ್ ಆಗಿತ್ತು: ‘ಪೋರ್ಟಲ್ 2’ ಅಧಿಕೃತವಾಗಿ ಘೋಷಣೆಯಾದದ್ದು ಮಾರ್ಚ್ 5ರಂದು.

ಟೀಸರ್ ಬಿಡಿಸುವುದನ್ನು ಕಲಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ. ಇಲ್ಲಿ ಪ್ರತಿ ಹೆಜ್ಜೆಯನ್ನೂ ಸರಿಯೋ ತಪ್ಪೋ ಎಂದು ತಾಳೆ ನೋಡಬಹುದಿತ್ತು. ಮಾದರಿಗಳನ್ನು ಕಾಣುವುದು ಎಲ್ಲರಿಗೂ ಬರುತ್ತದೆ. ಕಂಡ ಮಾದರಿಯನ್ನು ಉರುಳಿಸಬಲ್ಲ ಪರೀಕ್ಷೆಯನ್ನು ತಾವೇ ಹುಡುಕಿಕೊಳ್ಳುವವರು ಕಡಿಮೆ. ಒಗಟು ಕೊನೆಗೆ ಬಿಚ್ಚಿಕೊಳ್ಳುವುದು ಅಂಥವರ ಕೈಯಲ್ಲೇ. ಮುಂದಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಜೋಡಿಸಿದ್ದೇನೆ.

ಹೆಜ್ಜೆ 1: ಮೂಲ ಯಾವುದು ಎಂದು ಖಚಿತಪಡಿಸಿಕೊಳ್ಳಿ, ಕೂಡಲೇ ಉಳಿಸಿಕೊಳ್ಳಿ

ಸಂದೇಶ ಬಂದದ್ದು ಸಂಸ್ಥೆಯ ಅಧಿಕೃತ ಖಾತೆಯಿಂದಲೇ? ನೀಲಿ ಗುರುತನ್ನು ಈಗ ಹಣ ಕೊಟ್ಟು ಪಡೆಯಬಹುದಾದ್ದರಿಂದ ಅದೊಂದೇ ಸಾಕ್ಷಿಯಾಗದು. ಸಂಸ್ಥೆಯ ಜಾಲತಾಣದಿಂದ ಆ ಖಾತೆಗೆ ಕೊಂಡಿ ಇದೆಯೇ ನೋಡಿ. ಏಪ್ರಿಲ್ 1ರ ಆಸುಪಾಸಿನಲ್ಲಿ ಬಂದದ್ದನ್ನು ಎರಡು ಬಾರಿ ನೋಡಿ. ಹಾಗೆಂದು ತಳ್ಳಿಹಾಕಲೂ ಬೇಡಿ: 2011ರಲ್ಲಿ ‘ಪೋರ್ಟಲ್ 2’ ಬಿಡುಗಡೆಗೆ ಮುನ್ನ 13 ಸ್ವತಂತ್ರ ಆಟಗಳೊಳಗೆ ಸುಳಿವುಗಳನ್ನು ಬಚ್ಚಿಟ್ಟ ಒಗಟು ಶುರುವಾದದ್ದು ಏಪ್ರಿಲ್ 1ರಂದೇ.

ಮೂಲ ಖಚಿತವಾದ ಮೇಲೆ ಫೈಲನ್ನು ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಸಾಲದು. ಸಾಮಾಜಿಕ ಜಾಲತಾಣಗಳು ಚಿತ್ರವನ್ನು ಮತ್ತೆ ಕುಗ್ಗಿಸುತ್ತವೆ, ಅದರೊಳಗಿನ ಮೆಟಾಡೇಟಾವನ್ನು (ಫೈಲಿನ ಬಗೆಗಿನ ಒಳವಿವರ) ಅಳಿಸುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಸ್ನೇಹಿತರು ಕಳಿಸಿದ ಪ್ರತಿ ಚರ್ಚೆಗೆ ಸಾಕು, ವಿಶ್ಲೇಷಣೆಗೆ ಬರುವುದಿಲ್ಲ. ಸಂಸ್ಥೆಯ ಸ್ವಂತ ಜಾಲತಾಣ, ಪತ್ರಕರ್ತರಿಗೆಂದು ಇಟ್ಟ ಪುಟ, ಸ್ಟೀಮ್‌ನಂಥ ಅಂಗಡಿಯ ಪುಟ ಇವುಗಳಲ್ಲಿ ಅದೇ ಚಿತ್ರ ಹೆಚ್ಚು ದೊಡ್ಡ ಗಾತ್ರದಲ್ಲಿ ಸಿಗುವುದುಂಟು. ಪೋಸ್ಟ್ ಪ್ರಕಟವಾದ ಕ್ಷಣವನ್ನು ಬರೆದಿಡಿ. ಪೋಸ್ಟನ್ನು ಆಮೇಲೆ ತಿದ್ದಿದರೆ ಏನು ಬದಲಾಯಿತು ಎಂಬುದೂ ಒಂದು ಸುಳಿವಾಗುತ್ತದೆ.

ಹೆಜ್ಜೆ 2: ಕಂಡದ್ದನ್ನು ಕಂಡಂತೆ ಬರೆದುಕೊಳ್ಳಿ

ಇದು ಬೇಸರದ ಕೆಲಸ, ಆದರೆ ಹೆಚ್ಚಿನ ಪ್ರಯತ್ನಗಳು ಹಾಳಾಗುವುದು ಇಲ್ಲೇ. ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ‘ಐ’ಯೋ ಸಣ್ಣ ‘ಎಲ್’ಓ ಗೊತ್ತಾಗದಿದ್ದರೆ ಅಂದಾಜಿನಲ್ಲಿ ತುಂಬಬೇಡಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ. ದೊಡ್ಡಕ್ಷರ, ಚಿಕ್ಕಕ್ಷರ, ಖಾಲಿ ಜಾಗ, ಸಾಲು ಮುರಿದ ಜಾಗ ಎಲ್ಲವನ್ನೂ ಹಾಗೇ ಇಳಿಸಿ. ಕಾಗುಣಿತದ ತಪ್ಪು ಕಂಡರೆ ಸರಿಪಡಿಸಬೇಡಿ. ಟೀಸರ್‌ನಲ್ಲಿ ತಪ್ಪಾಗಿ ಬರೆದ ಪದವೇ ಕೀಲಿಯಾಗಿರುವ ಸಾಧ್ಯತೆ ಹೆಚ್ಚು.

ಬರೆದುಕೊಳ್ಳುವಾಗ ಎರಡು ಕಲಂ ಮಾಡಿ: ಎಡಕ್ಕೆ ಕಣ್ಣಿಗೆ ಕಂಡದ್ದು, ಬಲಕ್ಕೆ ಅದರ ಬಗ್ಗೆ ನಿಮ್ಮ ಊಹೆ. ಎರಡೂ ಬೆರೆತರೆ ಎರಡು ದಿನಗಳ ಬಳಿಕ ಯಾವುದು ಸಾಕ್ಷ್ಯ, ಯಾವುದು ಆಸೆ ಎಂದು ನಿಮಗೇ ತಿಳಿಯುವುದಿಲ್ಲ.

ಹೆಜ್ಜೆ 3: ವಿಡಿಯೊವನ್ನು ಫ್ರೇಮ್ ಫ್ರೇಮಾಗಿ ನೋಡಿ

ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಇ’ ಕೀಲಿ ಒತ್ತಿದಂತೆಲ್ಲ ಒಂದೊಂದೇ ಫ್ರೇಮ್ ಸಾಗುತ್ತದೆ. ಚಿತ್ರದ ಗುಣಮಟ್ಟವನ್ನು ಮೊದಲು ಗರಿಷ್ಠಕ್ಕೆ ಏರಿಸಿಕೊಳ್ಳಿ. ಇಡೀ ವಿಡಿಯೊವನ್ನು ಹೀಗೆ ನೋಡುವ ಅಗತ್ಯವಿಲ್ಲ. ಪರದೆ ಮಿನುಗುವ ಜಾಗ, ದೃಶ್ಯ ಕತ್ತರಿಸಿದ ಜಾಗ, ‘ಗ್ಲಿಚ್’ ಆದಂತೆ ಕಾಣುವ ಜಾಗ, ಕೊನೆಯ ಲೋಗೊ ಇವುಗಳ ಮೇಲೆ ಸಮಯ ಕಳೆಯಿರಿ.

2018ರ ಜೂನ್‌ನಲ್ಲಿ ‘ಸೈಬರ್‌ಪಂಕ್ 2077’ ಟ್ರೇಲರ್‌ನಲ್ಲಿ ಕೆಂಪು ಪರದೆಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಯಿತು. ನಿಲ್ಲಿಸಿ ನೋಡಿದವರಿಗೆ ಅಭಿಮಾನಿಗಳನ್ನು ಉದ್ದೇಶಿಸಿದ ಉದ್ದನೆಯ ಪತ್ರವೇ ಸಿಕ್ಕಿತು. ಆಟ ಒಬ್ಬರೇ ಆಡುವಂಥದ್ದು, ಒಳಗೆ ಬಿಡಿ ಬಿಡಿ ಖರೀದಿಗಳಿರುವುದಿಲ್ಲ ಎಂಬ ವಿವರಗಳು ಅದರಲ್ಲಿದ್ದವು. ಅಲ್ಲಿ ಸಂಕೇತವೇನೂ ಇರಲಿಲ್ಲ, ತಾಳ್ಮೆ ಇದ್ದರೆ ಸಾಕಾಗಿತ್ತು.

ಲೋಗೊವನ್ನು ಕಡೆಗಣಿಸಬೇಡಿ ಎನ್ನಲು ಕಾರಣ 2012ರ ಡಿಸೆಂಬರ್‌ನಲ್ಲಿ ಬಂದ ‘ದಿ ಫ್ಯಾಂಟಮ್ ಪೇನ್’ ಟೀಸರ್. ಯಾರೂ ಕೇಳಿರದ ‘ಮೋಬಿ ಡಿಕ್ ಸ್ಟುಡಿಯೊ’ ಅದರ ತಯಾರಕ ಎಂದು ಹೇಳಲಾಗಿತ್ತು. ಶೀರ್ಷಿಕೆಯ ಅಕ್ಷರಗಳ ಮೇಲೂ ಸುತ್ತಲೂ ಅರ್ಥವಾಗದ ಗೀರುಗಳಿದ್ದವು. ಅಭಿಮಾನಿಗಳು ಆ ಗೀರುಗಳೊಳಗೆ ಬೇರೆ ಅಕ್ಷರಗಳನ್ನು ಕೂರಿಸಿ ನೋಡಿದರು. ‘ಮೆಟಲ್ ಗಿಯರ್ ಸಾಲಿಡ್ 5’ ಎಂಬ ಹೆಸರು ಸರಿಯಾಗಿ ಕುಳಿತಿತು. ಸ್ಟುಡಿಯೊದ ಮುಖ್ಯಸ್ಥ ಎನ್ನಲಾದ ‘ಯೊವಾಕಿಮ್ ಮೋಗ್ರೆನ್’ ಹೆಸರಿನ ಮೊದಲ ಭಾಗದ ಇಂಗ್ಲಿಷ್ ಅಕ್ಷರಗಳನ್ನು ಅದಲು ಬದಲು ಮಾಡಿದರೆ ‘ಕೊಜಿಮಾ’ ಆಗುತ್ತಿತ್ತು. ಮೆಟಲ್ ಗಿಯರ್ ಸರಣಿಯ ನಿರ್ಮಾತೃ ಹಿದೆಯೊ ಕೊಜಿಮಾ ಅದನ್ನು ಒಪ್ಪಿಕೊಂಡದ್ದು 2013ರ ಮಾರ್ಚ್‌ನಲ್ಲಿ. ಗೀರುಗಳು ಮತ್ತು ಹೆಸರು, ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಗಳು ಒಂದೇ ಉತ್ತರಕ್ಕೆ ತಲುಪಿದ್ದವು. ಈ ಮಾತಿಗೆ ಮತ್ತೆ ಬರುತ್ತೇನೆ.

ಹೆಜ್ಜೆ 4: ಸದ್ದನ್ನು ಕೇಳಿ, ಆಮೇಲೆ ನೋಡಿ

ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಧ್ವನಿ ಫೈಲನ್ನು ತೆರೆದು, ಟ್ರ್ಯಾಕ್‌ನ ಮೆನುವಿನಿಂದ ‘ಸ್ಪೆಕ್ಟ್ರೊಗ್ರಾಮ್’ ನೋಟಕ್ಕೆ ಬದಲಿಸಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ಆವರ್ತನ, ಹೊಳಪಿನಲ್ಲಿ ಸದ್ದಿನ ಬಲ ಕಾಣುತ್ತದೆ. ಸೆಟ್ಟಿಂಗ್‌ಗಳಲ್ಲಿ ವಿಂಡೊ ಗಾತ್ರವನ್ನು 2048 ಅಥವಾ 4096ಕ್ಕೆ ಇಟ್ಟರೆ ಗೆರೆಗಳು ಸ್ಪಷ್ಟವಾಗುತ್ತವೆ. 2016ರ ‘ಡೂಮ್’ ಆಟದ ಸಂಗೀತದಲ್ಲಿ ಸಂಗೀತಗಾರ ಮಿಕ್ ಗಾರ್ಡನ್ ಪಂಚಕೋನ ನಕ್ಷತ್ರಗಳನ್ನೂ 666 ಎಂಬ ಸಂಖ್ಯೆಯನ್ನೂ ಹೀಗೆ ಅಡಗಿಸಿದ್ದರು. ಕಿವಿಗೆ ಅದು ಗದ್ದಲ, ಪರದೆಯ ಮೇಲೆ ಚಿತ್ರ. ಒಂದು ಎಚ್ಚರಿಕೆ: ಆನ್‌ಲೈನ್ ವಿಡಿಯೊಗಳ ಧ್ವನಿಯನ್ನು ಕುಗ್ಗಿಸುವಾಗ ಅತಿ ಹೆಚ್ಚಿನ ಆವರ್ತನಗಳು ಕತ್ತರಿಸಿ ಹೋಗುತ್ತವೆ. ಮೇಲ್ಭಾಗ ಖಾಲಿ ಕಂಡರೆ ಅಲ್ಲಿ ಏನೂ ಇರಲಿಲ್ಲ ಎಂದು ತೀರ್ಮಾನಿಸಬೇಡಿ, ಮೂಲ ಫೈಲ್ ಹುಡುಕಿ.

ಮೋರ್ಸ್ ಸಂಕೇತವನ್ನು ಕಿವಿಯಿಂದ ಹಿಡಿಯುವುದಕ್ಕಿಂತ ಅಲೆಯ ಚಿತ್ರದಲ್ಲಿ ಓದುವುದು ಸುಲಭ. ಗೆರೆಯ ಉದ್ದ ಚುಕ್ಕಿಯ ಮೂರರಷ್ಟು. ಅಕ್ಷರಗಳ ನಡುವಿನ ಅಂತರ ಮೂರು ಚುಕ್ಕಿಗಳಷ್ಟು, ಪದಗಳ ನಡುವೆ ಏಳು. ಈ ಅನುಪಾತ ಸಿಗದಿದ್ದರೆ ನೀವು ಕೇಳುತ್ತಿರುವುದು ಮೋರ್ಸ್ ಅಲ್ಲದಿರಬಹುದು.

ಪೋರ್ಟಲ್‌ನ ರೇಡಿಯೊಗಳಲ್ಲಿದ್ದ ಚಿತ್ರಗಳು ಸ್ಪೆಕ್ಟ್ರೊಗ್ರಾಮ್‌ನಲ್ಲಿ ಬಿಡಿಸಿದವಲ್ಲ. ಅವು ‘ಸ್ಲೋ ಸ್ಕ್ಯಾನ್ ಟೆಲಿವಿಷನ್’, ಅಂದರೆ ಹ್ಯಾಮ್ ರೇಡಿಯೊ ಹವ್ಯಾಸಿಗಳು ಧ್ವನಿಯ ಮೂಲಕ ಸ್ಥಿರಚಿತ್ರ ಕಳಿಸುವ ಪದ್ಧತಿ. ಪ್ರತಿ ಬಿಂದುವಿನ ಹೊಳಪು ಒಂದು ಸ್ವರವಾಗುತ್ತದೆ: 1500 ಹರ್ಟ್ಜ್ ಎಂದರೆ ಕಪ್ಪು, 2300 ಹರ್ಟ್ಜ್ ಎಂದರೆ ಬಿಳಿ, ಸಾಲುಗಳನ್ನು ಹೊಂದಿಸಲು 1200 ಹರ್ಟ್ಜ್‌ನ ತುಣುಕು. ‘ರೋಬಾಟ್ 36’ ಎಂಬ ಬಗೆಯಲ್ಲಿ ಒಂದು ಚಿತ್ರ ಕಳಿಸಲು 36 ಸೆಕೆಂಡು ಬೇಕು. ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುತ್ತಾ ಕಿರುಗುಟ್ಟುವ ಆ ಸದ್ದನ್ನು ಒಮ್ಮೆ ಕೇಳಿದರೆ ಮುಂದೆ ಥಟ್ಟನೆ ಗುರುತು ಸಿಗುತ್ತದೆ. ಅದನ್ನು ಚಿತ್ರವಾಗಿಸುವ ಉಚಿತ ಮೊಬೈಲ್ ಆ್ಯಪ್‌ಗಳಿವೆ. ಫೋನನ್ನು ಸ್ಪೀಕರ್ ಎದುರು ಹಿಡಿದರೂ ಆಗುತ್ತದೆ, ಆದರೆ ಫ್ಯಾನ್ ಆರಿಸಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಆಗಾಗ 145.800 ಮೆಗಾಹರ್ಟ್ಜ್‌ನಲ್ಲಿ ಇದೇ ರೀತಿ ಚಿತ್ರ ಕಳಿಸುತ್ತದೆ. ಅದರ ಧ್ವನಿಮುದ್ರಣಗಳು ಅಭ್ಯಾಸಕ್ಕೆ ಬಹಳ ಚೆನ್ನ.

ಹೆಜ್ಜೆ 5: ಚಿತ್ರ ಮತ್ತು ಫೈಲ್

ಜಿಂಪ್‌ನಂಥ ತಂತ್ರಾಂಶದಲ್ಲಿ ಚಿತ್ರದ ಕತ್ತಲ ಭಾಗವನ್ನು ‘ಲೆವೆಲ್ಸ್’ ಮೂಲಕ ಬೆಳಗಿಸಿ. ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆ ಬೇರೆಯಾಗಿ ನೋಡಿ. ಎಕ್ಸಿಫ್‌ಟೂಲ್ ಬಳಸಿ ಫೈಲಿನ ಒಳವಿವರಗಳನ್ನು ಓದಿ. ಫೈಲಿನ ಹೆಸರನ್ನೂ ಗಮನಿಸಿ. ಚಿತ್ರದ ಬಿಂದುಗಳ ಬಣ್ಣ ಹೇಳುವ ಸಂಖ್ಯೆಯ ಕಟ್ಟಕಡೆಯ ಬಿಟ್‌ನಲ್ಲಿ (0 ಅಥವಾ 1) ಮಾಹಿತಿ ಅಡಗಿಸುವ ವಿಧಾನ ಜೆಪೆಗ್ ಆಗಿ ಕುಗ್ಗಿದ ಚಿತ್ರದಲ್ಲಿ ಉಳಿಯುವುದಿಲ್ಲ, ಆದ್ದರಿಂದ ಸಾಮಾಜಿಕ ಜಾಲತಾಣದ ಜೆಪೆಗ್‌ನಲ್ಲಿ ಅದನ್ನು ಹುಡುಕುವುದು ವ್ಯರ್ಥ. ಹೆಚ್ಚಿನ ಟೀಸರ್‌ಗಳಿಗೆ ಇಷ್ಟು ಸಾಕು.

ಹೆಜ್ಜೆ 6: ಅಂಕಿಗಳ ಸಾಲು ಸಿಕ್ಕಿದೆ, ಮುಂದೇನು?

ಇಲ್ಲಿ ನಿಧಾನವಾಗಿ ಹೋಗೋಣ. ‘ಕಾಯಿರಿ’ ಎನ್ನುವ ಇಂಗ್ಲಿಷ್ ಪದ ‘ವೇಟ್’ ತೆಗೆದುಕೊಳ್ಳಿ. ಅದರ ನಾಲ್ಕು ಅಕ್ಷರಗಳು: ಡಬ್ಲ್ಯು, ಎ, ಐ, ಟಿ. ಒಂದೇ ಪದ ಟೀಸರ್‌ನಲ್ಲಿ ಈ ರೂಪಗಳಲ್ಲಿ ಬರಬಹುದು:

23 1 9 20
87 65 73 84
57 41 49 54
52 11 24 44
· – –   · –   · ·   –

ಮೊದಲನೆಯದು ವರ್ಣಮಾಲೆಯಲ್ಲಿ ಅಕ್ಷರದ ಕ್ರಮಸಂಖ್ಯೆ. ಯಾವ ಅಂಕಿಯೂ 26 ದಾಟದಿದ್ದರೆ ಇದನ್ನೇ ಮೊದಲು ನೋಡಿ. ಎರಡನೆಯದು ಕಂಪ್ಯೂಟರು ಪ್ರತಿ ಅಕ್ಷರಕ್ಕೂ ಇಟ್ಟಿರುವ ಆಸ್ಕಿ ಸಂಖ್ಯೆ, ದಶಮಾನದಲ್ಲಿ: ದೊಡ್ಡಕ್ಷರಗಳು 65ರಿಂದ 90, ಚಿಕ್ಕಕ್ಷರಗಳು 97ರಿಂದ 122, ಖಾಲಿ ಜಾಗಕ್ಕೆ 32. ಮೂರನೆಯದೂ ಅದೇ ಆಸ್ಕಿ, ಆದರೆ ಹದಿನಾರರ ಮಾನದಲ್ಲಿ, ಅಂದರೆ ಹೆಕ್ಸ್‌ನಲ್ಲಿ. ಇಲ್ಲಿ ದೊಡ್ಡಕ್ಷರಗಳು 40, 50ರ ಸಾಲಿನಲ್ಲಿ, ಚಿಕ್ಕಕ್ಷರಗಳು 60, 70ರ ಸಾಲಿನಲ್ಲಿರುತ್ತವೆ, ಖಾಲಿ ಜಾಗ 20. ಉದ್ದನೆಯ ಸಾಲಿನಲ್ಲಿ ನಡುನಡುವೆ ‘ಎ’ಯಿಂದ ‘ಎಫ್’ವರೆಗಿನ ಅಕ್ಷರಗಳು ಇಣುಕಿದರೆ, ಬೇರಾವ ಅಕ್ಷರವೂ ಇರದಿದ್ದರೆ, ಅದು ಹೆಕ್ಸ್. ನಾಲ್ಕನೆಯದರಲ್ಲಿ ಎಲ್ಲ ಅಂಕಿಗಳೂ 1ರಿಂದ 5ರೊಳಗೆ, ಜೋಡಿ ಜೋಡಿಯಾಗಿವೆ. ಅದು ಐದು ಸಾಲು, ಐದು ಕಲಂಗಳ ಚೌಕದಲ್ಲಿ ಅಕ್ಷರದ ಜಾಗ ಹೇಳುವ ಪಾಲಿಬಿಯಸ್ ಪದ್ಧತಿ. ಚೌಕದಲ್ಲಿ 25 ಮನೆಗಳೇ ಇರುವುದರಿಂದ ‘ಐ’ ಮತ್ತು ‘ಜೆ’ ಒಂದೇ ಮನೆ ಹಂಚಿಕೊಳ್ಳುತ್ತವೆ. ಕೊನೆಯದು ಮೋರ್ಸ್.

ಮೂರನೆಯ ಸಾಲನ್ನು ಯಾರಾದರೂ ದಶಮಾನ ಎಂದು ಓದಿದರೆ ಸಿಗುವುದು ‘9’, ಒಂದು ಮುಚ್ಚುವ ಆವರಣ, ‘1’ ಮತ್ತು ‘6’. ಅರ್ಥವಿಲ್ಲದ ಈ ಫಲಿತಾಂಶ ನಿಮಗೆ ಉಪಯುಕ್ತ. ಆ ಬಾಗಿಲು ಮುಚ್ಚಿತು, ಪಕ್ಕದ ಬಾಗಿಲು ತಟ್ಟಿ.

ದೊಡ್ಡ ಮತ್ತು ಚಿಕ್ಕ ಇಂಗ್ಲಿಷ್ ಅಕ್ಷರಗಳು, ಅಂಕಿಗಳು ಬೆರೆತು, ಕೊನೆಯಲ್ಲಿ ಒಂದೋ ಎರಡೋ ಸಮ ಚಿಹ್ನೆ ಇದ್ದರೆ ಅದು ಬಹುತೇಕ ಬೇಸ್64, ಅಂದರೆ ಯಾವುದೇ ಫೈಲನ್ನು ಬರೀ ಅಕ್ಷರಗಳಾಗಿ ಬರೆಯುವ ಪದ್ಧತಿ. 2018ರ ಆಗಸ್ಟ್‌ನಲ್ಲಿ ಸೈಬರ್‌ಪಂಕ್‌ನ ತಯಾರಕರು ನೇರಪ್ರಸಾರದ ಜಾಲತಾಣ ಟ್ವಿಚ್‌ನಲ್ಲಿ ಗಂಟೆಗಟ್ಟಲೆ ಬರೀ ಅಕ್ಷರಗಳ ಪ್ರವಾಹ ಹರಿಸಿದರು. ಅದು ಬೇಸ್64ರಲ್ಲಿ ಬರೆದ ಚಿತ್ರದ ಫೈಲ್ ಎಂದು ವೀಕ್ಷಕರು ಪತ್ತೆ ಹಚ್ಚಿದರು. ಬೇಸ್64ರಿಂದ ಓದಬಲ್ಲ ಮಾತು ಬರದಿದ್ದರೆ ಫೈಲ್ ಇರಬಹುದೆಂದು ನೆನಪಿಡಿ. ಪ್ರತಿ ಬಗೆಯ ಫೈಲಿಗೂ ಆರಂಭದಲ್ಲಿ ನಿಗದಿತ ಗುರುತಿನ ಬೈಟ್‌ಗಳಿರುತ್ತವೆ (ಬೈಟ್ ಎಂದರೆ ಹೆಕ್ಸ್‌ನ ಎರಡು ಅಂಕಿಯಷ್ಟು ಮಾಹಿತಿ).

ಇದೆಲ್ಲವನ್ನೂ ಕೈಯಿಂದ ಮಾಡಬೇಕಾಗಿಲ್ಲ. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯು ಮುಕ್ತವಾಗಿ ಬಿಟ್ಟಿರುವ ಸೈಬರ್‌ಶೆಫ್ ಬ್ರೌಸರಿನಲ್ಲೇ ಕೆಲಸ ಮಾಡುತ್ತದೆ. ಅದರ ‘ಮ್ಯಾಜಿಕ್’ ಎಂಬ ಆಯ್ಕೆ ಪದ್ಧತಿಯನ್ನು ತಾನೇ ಊಹಿಸಲು ಯತ್ನಿಸುತ್ತದೆ. ಆದರೂ ಮೊದಲ ಕೆಲವು ಬಾರಿ ಕಾಗದದ ಮೇಲೆ ಬಿಡಿಸಿ ಎಂದು ಒತ್ತಾಯಿಸುತ್ತೇನೆ. ಅಂಕಿಗಳ ವ್ಯಾಪ್ತಿಯನ್ನು ನೋಡಿ ಪದ್ಧತಿಯನ್ನು ಗುರುತಿಸುವ ಕಣ್ಣು ಪಳಗುವುದು ಹಾಗೆಯೇ.

ಹೆಜ್ಜೆ 7: ಹ್ಯಾಶ್ ಎದುರಾದರೆ

ಹೆಕ್ಸ್ ಸಾಲಿನ ಉದ್ದ ಸರಿಯಾಗಿ 32 ಅಕ್ಷರವಿದ್ದರೆ ಎಂಡಿ5, 40 ಇದ್ದರೆ ಶಾ-1, 64 ಇದ್ದರೆ ಶಾ-256 ಎಂಬ ಬಗೆಯ ಹ್ಯಾಶ್ ಇರಬಹುದು. ಹ್ಯಾಶನ್ನು ಹಿಂದಕ್ಕೆ ಬಿಡಿಸಲಾಗದು. ಉತ್ತರ ಏನಿರಬಹುದೆಂದು ಊಹಿಸಿ, ಆ ಊಹೆಯ ಹ್ಯಾಶ್ ತೆಗೆದು, ಕೊಟ್ಟದ್ದಕ್ಕೆ ಹೊಂದುತ್ತದೆಯೇ ನೋಡಬೇಕು.

ಪೋರ್ಟಲ್‌ನ ಚಿತ್ರಗಳಿಂದ ಹೊರಬಂದದ್ದು ಎಂಡಿ5, ಅದು ಒಂದು ದೂರವಾಣಿ ಸಂಖ್ಯೆಯ ಹ್ಯಾಶ್. ಇದು ಏಕೆ ಬಿಡಿಸಬಹುದಾದ ಒಗಟು ಎಂದು ಲೆಕ್ಕ ಹಾಕಿ ನೋಡಿ. ಅಮೆರಿಕದ ದೂರವಾಣಿ ಸಂಖ್ಯೆಗೆ ಹತ್ತು ಅಂಕಿ. ಎಲ್ಲ ಸಾಧ್ಯತೆಗಳೂ ಸೇರಿ 1000 ಕೋಟಿ. ಪ್ರದೇಶದ ಮೂರಂಕಿ ಕೋಡ್ ಗೊತ್ತಾದರೆ ಉಳಿಯುವುದು ಒಂದೇ ಕೋಟಿ, ಸಾಧಾರಣ ಕಂಪ್ಯೂಟರಿಗೆ ಕೆಲವೇ ಸೆಕೆಂಡುಗಳ ಕೆಲಸ. ತೊಡಕು ಇರುವುದು ಬರೆಯುವ ರೀತಿಯಲ್ಲಿ: ನಡುವೆ ಒಂದು ಅಡ್ಡಗೆರೆಯೋ ಆವರಣವೋ ಹೆಚ್ಚು ಕಡಿಮೆಯಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ಪ್ರತಿ ಬರವಣಿಗೆಯನ್ನೂ ಪ್ರತ್ಯೇಕವಾಗಿ ಪ್ರಯತ್ನಿಸಬೇಕು. ಹೊಂದಿದರೆ ಮಾತ್ರ ಯಾವ ಸಂಶಯವೂ ಉಳಿಯುವುದಿಲ್ಲ. ಒಗಟು ಕಟ್ಟುವವರು ಹ್ಯಾಶನ್ನು ಇಷ್ಟಪಡುವುದಕ್ಕೆ ಕಾರಣವೂ ಇದೇ: ನೀವು ಗೆದ್ದಿರಿ ಎಂದು ಅದೇ ಹೇಳುತ್ತದೆ.

ಹೆಜ್ಜೆ 8: ಬರೀ ಅಕ್ಷರಗಳಿದ್ದರೆ ಸೈಫರ್ ಯೋಚಿಸಿ

ಸೈಫರ್ ಎಂದರೆ ಅಕ್ಷರಗಳನ್ನು ಬದಲಿಸಿ ಅಥವಾ ಜಾಗ ಕದಲಿಸಿ ಬರೆಯುವ ಗುಪ್ತಲಿಪಿ. ಸೀಸರ್ ಸೈಫರ್‌ನಲ್ಲಿ ಪ್ರತಿ ಅಕ್ಷರವೂ ಒಂದೇ ಪ್ರಮಾಣದಲ್ಲಿ ಮುಂದೆ ಸರಿದಿರುತ್ತದೆ. ಇಂಗ್ಲಿಷಿಗೆ 25 ಸಾಧ್ಯತೆಗಳಷ್ಟೇ, ಎಲ್ಲವನ್ನೂ ನೋಡಿಬಿಡಿ. ಅದಾಗದಿದ್ದರೆ ಅಕ್ಷರಗಳನ್ನು ಎಣಿಸಿ. ಇಂಗ್ಲಿಷ್ ಬರಹದಲ್ಲಿ ‘ಇ’ ಅಕ್ಷರ ಶೇ 12ರಿಂದ 13ರಷ್ಟು ಬರುತ್ತದೆ, ‘ಟಿ’ ಸುಮಾರು ಶೇ 9. ನಿಮ್ಮ ಸಾಲಿನಲ್ಲೂ ಕೆಲವು ಅಕ್ಷರಗಳು ಎದ್ದು ಕಂಡರೆ ಒಂದಕ್ಕೆ ಒಂದು ಬದಲಿಸುವ ಸೈಫರ್. ಎಲ್ಲ ಅಕ್ಷರಗಳೂ ಹೆಚ್ಚು ಕಡಿಮೆ ಸಮನಾಗಿದ್ದರೆ ವಿಜಿನೇರ್‌ನಂಥ, ಕೀಲಿಪದ ಬೇಡುವ ಸೈಫರ್. ಎಣಿಕೆ ‘ಇ’, ‘ಟಿ’ಗಳೊಂದಿಗೇ ಹೊಂದಿದರೂ ಓದಲು ಬರುತ್ತಿಲ್ಲವೆಂದರೆ ಅಕ್ಷರಗಳು ಬದಲಾಗಿಲ್ಲ, ಜಾಗ ಬದಲಿಸಿವೆ.

ಕೀಲಿಪದ ಎಲ್ಲಿರುತ್ತದೆ? ಟೀಸರ್‌ನಲ್ಲೇ, ಅಥವಾ ಅದು ಬೆರಳು ತೋರಿಸುವ ಜಾಗದಲ್ಲಿ. ಸಂದೇಶವನ್ನು ಬರೆದವರು ಅದನ್ನು ಯಾರಾದರೂ ಓದಲಿ ಎಂದೇ ಬರೆದಿದ್ದಾರೆ. ಪಾತ್ರದ ಹೆಸರು, ಕಾಲ್ಪನಿಕ ಸಂಸ್ಥೆಯ ಹೆಸರು, ಪೋಸ್ಟ್‌ನ ಜತೆಗಿದ್ದ ಒಂಟಿ ಪದ, ತಪ್ಪು ಕಾಗುಣಿತ ಇವನ್ನೆಲ್ಲ ಮೊದಲು ನೋಡಿ.

ಉತ್ತರ ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ. 2016ರಲ್ಲಿ ‘ಓವರ್‌ವಾಚ್’ನ ಆನಾ ಪಾತ್ರದ ಪರಿಚಯದ ವಿಡಿಯೊದಲ್ಲಿ ಕ್ಷಣಕಾಲ ಮಿನುಗಿದ ಹೆಕ್ಸ್ ಸಂಖ್ಯೆಗಳು ಕೊನೆಗೆ ಸ್ಪ್ಯಾನಿಷ್ ವಾಕ್ಯವಾದವು. ಬರಲಿದ್ದ ಪಾತ್ರ ಸೊಂಬ್ರಾ ಮೆಕ್ಸಿಕೊದವಳು. ಆಟದ ಲೋಕ ಗೊತ್ತಿದ್ದವರಿಗೆ ಅದು ಸಹಜ; ಗೊತ್ತಿಲ್ಲದೆ ಬರೀ ಗಣಿತ ಮಾಡಿದವರು ಸರಿಯಾದ ಉತ್ತರವನ್ನೇ ಗದ್ದಲವೆಂದು ಬದಿಗಿಡುವ ಅಪಾಯವಿತ್ತು.

ಹೆಜ್ಜೆ 9: ದಿನಾಂಕ, ಗಂಟೆ, ಸ್ಥಳ

ಹತ್ತಂಕಿಯ ಸಂಖ್ಯೆ 17ರಿಂದ ಶುರುವಾದರೆ ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಾಗಿರಬಹುದು. 1700000000 ಎಂದರೆ ಗ್ರೀನಿಚ್ ಸಮಯದಲ್ಲಿ 2023ರ ನವೆಂಬರ್ 14ರ ರಾತ್ರಿ 10 ಗಂಟೆ 13 ನಿಮಿಷ. ನಮ್ಮಲ್ಲಿ ಆಗ ನವೆಂಬರ್ 15ರ ನಸುಕಿನ 3 ಗಂಟೆ 43 ನಿಮಿಷ. ದಿನಾಂಕವೇ ಬದಲಾಯಿತು, ಗಮನಿಸಿ. ಅಮೆರಿಕದ ಪಶ್ಚಿಮ ಕರಾವಳಿಯ ಸ್ಟುಡಿಯೊ ಬೆಳಿಗ್ಗೆ 10 ಎಂದರೆ ಅಲ್ಲಿಯ ಬೇಸಿಗೆಯಲ್ಲಿ ನಮಗೆ ರಾತ್ರಿ 10.30, ಚಳಿಗಾಲದಲ್ಲಿ 11.30. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ ಎಂಬುದನ್ನೂ ಮರೆಯಬೇಡಿ.

ದಶಾಂಶ ಸಂಖ್ಯೆಗಳು ಜೋಡಿಯಾಗಿ ಬಂದರೆ ನಕ್ಷೆ ತೆರೆಯಿರಿ. 12.97 ಮತ್ತು 77.59 ಬೆಂಗಳೂರು. 2004ರಲ್ಲಿ ‘ಹೇಲೊ 2’ ಟ್ರೇಲರ್‌ನ ಕೊನೆಯಲ್ಲಿ ಕ್ಷಣಕಾಲ ಹಾದುಹೋದ ಜಾಲತಾಣದ ವಿಳಾಸವೊಂದು ಜೇನುಸಾಕಣೆಯ ಪುಟಕ್ಕೆ ಒಯ್ಯುತ್ತಿತ್ತು. ಆ ಪುಟದಲ್ಲಿ ಅಕ್ಷಾಂಶ, ರೇಖಾಂಶ, ಸಮಯಗಳ ಪಟ್ಟಿ ಕಾಣಿಸಿಕೊಂಡಿತು. ಅವು ಸಾರ್ವಜನಿಕ ದೂರವಾಣಿಗಳಿದ್ದ ಜಾಗಗಳು. ಹೇಳಿದ ಹೊತ್ತಿಗೆ ಅಲ್ಲಿ ಹೋಗಿ ನಿಂತವರಿಗೆ ಫೋನ್ ರಿಂಗಾಯಿತು.

ಹೆಜ್ಜೆ 10: ನಿಮ್ಮ ಊಹೆಯನ್ನು ಉರುಳಿಸಲು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಓದುವುದಾದರೆ ಇದನ್ನು ಓದಿ.

ಒಂದು ಲೆಕ್ಕದಿಂದ ಆರಂಭಿಸೋಣ. ಒಂದು ಬೈಟ್‌ಗೆ 256 ಬೆಲೆಗಳಿವೆ, ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳು 52. ಮನಸ್ಸಿಗೆ ಬಂದಂತೆ ಆಯ್ದ 12 ಬೈಟ್‌ಗಳೂ ಅಕ್ಷರಗಳೇ ಆಗುವ ಸಾಧ್ಯತೆ ಸುಮಾರು 20 ಕೋಟಿಯಲ್ಲಿ ಒಂದು. ಹೀಗಿರುವಾಗ ಹೆಕ್ಸ್ ಸಾಲೊಂದು ಓದಬಲ್ಲ ವಾಕ್ಯವಾದರೆ ನಂಬಲು ಬೇರೆ ಸಾಕ್ಷಿ ಬೇಡ. ಈಗ ಪೋಸ್ಟರ್‌ನಲ್ಲಿರುವ ಕಿಟಕಿಗಳನ್ನು ಎಣಿಸಿ ಬಿಡುಗಡೆಯ ದಿನಾಂಕ ಹೇಳುವವರನ್ನು ನೋಡಿ. ಕಿಟಕಿ ಎಣಿಸಿ ಹೊಂದದಿದ್ದರೆ ದೀಪದ ಕಂಬ ಎಣಿಸಬಹುದು, ಅದೂ ಹೊಂದದಿದ್ದರೆ ಎರಡನ್ನೂ ಕೂಡಿಸಬಹುದು, ಇಲ್ಲವೇ ಕಳೆಯಬಹುದು. ವರ್ಷಕ್ಕೆ 365 ದಿನಗಳಿವೆ, ಯಾವುದಾದರೂ ಒಂದಕ್ಕೆ ತಾಗಿಯೇ ತಾಗುತ್ತದೆ. ಜಿಟಿಎ 6ರ ಎರಡನೆಯ ಟ್ರೇಲರ್‌ಗಾಗಿ ಕಾಯುತ್ತಿದ್ದ ಅಭಿಮಾನಿಗಳು ತಯಾರಕ ಸಂಸ್ಥೆ ರಾಕ್‌ಸ್ಟಾರ್‌ನ ಚಿತ್ರಗಳಲ್ಲಿನ ಚಂದ್ರನ ವೃದ್ಧಿ-ಕ್ಷಯದ ಹಂತಗಳಿಂದ ದಿನಾಂಕ ತೆಗೆದರು. ಆ ದಿನಾಂಕ ಬಂದು ಹೋಯಿತು. ಟ್ರೇಲರ್ ಬಂದದ್ದು 2025ರ ಮೇ 6ರಂದು, ಯಾವ ಮುನ್ಸೂಚನೆಯೂ ಇಲ್ಲದೆ.

ಆದ್ದರಿಂದ ನಾಲ್ಕು ಪ್ರಶ್ನೆಗಳು. ಈ ಉತ್ತರಕ್ಕೆ ಬರುವ ದಾರಿಯಲ್ಲಿ ನಾನೇ ಆಯ್ದುಕೊಂಡ ತಿರುವುಗಳು ಎಷ್ಟು? ಹೆಚ್ಚಾದಷ್ಟೂ ಉತ್ತರ ಹುಸಿ. ಸಂದೇಶದ ಎಲ್ಲ ಭಾಗಗಳೂ ಬಳಕೆಯಾದವೇ, ಅಥವಾ ಹೊಂದದ್ದನ್ನು ಬಿಟ್ಟೆನೇ? ಇದೇ ವಿಧಾನವನ್ನು ಅದೇ ಸಂಸ್ಥೆಯ ಬೇರೊಂದು ಹಳೆಯ ಪೋಸ್ಟರ್‌ಗೆ ಹಚ್ಚಿದರೆ ಅಲ್ಲೂ ‘ರಹಸ್ಯ’ ಸಿಗುತ್ತದೆಯೇ? ಸಿಕ್ಕರೆ ವಿಧಾನ ಕೆಲಸಕ್ಕೆ ಬಾರದು. ಕೊನೆಯದಾಗಿ, ಸ್ವತಂತ್ರವಾದ ಇನ್ನೊಂದು ದಾರಿ ಇದೇ ಉತ್ತರಕ್ಕೆ ಬರುತ್ತದೆಯೇ? ಫ್ಯಾಂಟಮ್ ಪೇನ್‌ನಲ್ಲಿ ಗೀರುಗಳೂ ಹೆಸರೂ ಮಾಡಿದ್ದು ಇದನ್ನೇ.

ಆ ಗೆಲುವೇ ಮುಂದೆ ಅಭಿಮಾನಿಗಳನ್ನು ದಾರಿ ತಪ್ಪಿಸಿತು. 2021ರಲ್ಲಿ ಬ್ಲೂ ಬಾಕ್ಸ್ ಎಂಬ ನೆದರ್‌ಲೆಂಡ್ಸ್‌ನ ಚಿಕ್ಕ ಸ್ಟುಡಿಯೊ ‘ಅಬ್ಯಾಂಡನ್ಡ್’ ಎಂಬ ಆಟ ಘೋಷಿಸಿದಾಗ, ಇದೂ ಕೊಜಿಮಾ ಅವರ ಮುಖವಾಡ ಎಂದು ಸಾವಿರಾರು ಜನ ನಂಬಿದರು. ಮುಖ್ಯಸ್ಥರ ಹೆಸರಿನ ಮೊದಲಕ್ಷರಗಳು ಹೊಂದಿದವು, ಸ್ಟುಡಿಯೊ ಬರೆದ ಅಸ್ಪಷ್ಟ ಸಾಲೊಂದರಲ್ಲಿ ‘ಸೈಲೆಂಟ್ ಹಿಲ್’ ಎಂಬ ಭಯಾನಕ ಆಟದ ಸರಣಿಯ ಹೆಸರು ಕಂಡಿತು. ಸ್ಟುಡಿಯೊ ಅಲ್ಲಗಳೆದಾಗ ಅದನ್ನೂ ಸಾಕ್ಷ್ಯವೆಂದೇ ಎಣಿಸಲಾಯಿತು. ಕೊಜಿಮಾ ಅವರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನಿರಾಕರಣೆಯೂ ಪುರಾವೆಯಾಗುವ ಊಹೆ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಅಂಥದ್ದನ್ನು ಕೈಬಿಡಲು ಅದೊಂದೇ ಕಾರಣ ಸಾಕು.

ಕೆಲವೊಮ್ಮೆ ಒಗಟು ಕಟ್ಟಿದವರೇ ಕರುಣೆ ತೋರುತ್ತಾರೆ. ಸೊಂಬ್ರಾ ಒಗಟಿನಲ್ಲಿ ಆಟದ ಆಕಾಶದಲ್ಲಿ ಸಂಕೇತವಿದೆ ಎಂದು ಜನ ಹಟ ಹಿಡಿದು ಹುಡುಕುತ್ತಿದ್ದಾಗ, ಮುಂದಿನ ಸುಳಿವೇ ಅವರನ್ನು ಕೇಳಿತು: ಆಕಾಶವನ್ನೇಕೆ ನೋಡುತ್ತಿದ್ದೀರಿ, ಉತ್ತರ ನಿಮ್ಮ ಬೆನ್ನ ಹಿಂದಿದೆ. ಅದೇ ಒಗಟಿನ ಕೊನೆಯ ಘಟ್ಟದಲ್ಲಿ ಜಾಲತಾಣವೊಂದರ ಶೇಕಡಾವಾರು ಸಂಖ್ಯೆ ವಾರಗಟ್ಟಲೆ ಆಮೆಗತಿಯಲ್ಲಿ ಏರುತ್ತಿತ್ತು. ಬಿಡಿಸಲು ಅಲ್ಲೇನೂ ಇರಲಿಲ್ಲ, ಕಾಯಬೇಕಿತ್ತು. ಆಟಗಾರರ ಸಿಟ್ಟು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ.

ಹೆಜ್ಜೆ 11: ಗುಂಪಾಗಿ ಕೆಲಸ ಮಾಡುವಾಗ

2020ರ ಜನವರಿಯಲ್ಲಿ ‘ಡೆಸ್ಟಿನಿ 2’ ಆಟಗಾರರಿಗೆ ಒಂದು ಚಕ್ರವ್ಯೂಹದ ನಕ್ಷೆ ತುಂಡು ತುಂಡಾಗಿ ಸಿಕ್ಕಿತು, ಒಬ್ಬೊಬ್ಬರ ಕೈಗೆ ಒಂದೊಂದು ಷಟ್ಕೋನ. ಸಾವಿರಾರು ತುಂಡುಗಳನ್ನು ಹಂಚಿಕೆಯ ಸ್ಪ್ರೆಡ್‌ಶೀಟ್‌ಗಳಲ್ಲಿ ತುಂಬಿ, ಅಂಚಿಗೆ ಅಂಚು ಹೊಂದಿಸಿ ದಾರಿ ಕಂಡುಹಿಡಿದರು. ಅಲ್ಲಿ ಕೆಲಸಕ್ಕೆ ಬಂದ ಶಿಸ್ತನ್ನು ಐದು ಜನರ ಗುಂಪೂ ಪಾಲಿಸಬಹುದು: ಪ್ರತಿ ನಮೂದಿಗೂ ಮೂಲ ಚಿತ್ರ ಲಗತ್ತಿಸಿ, ಇನ್ನೊಬ್ಬರು ಸ್ವತಂತ್ರವಾಗಿ ಓದಿ ತಾಳೆ ನೋಡಲಿ, ವಿಫಲವಾದ ಪ್ರಯತ್ನಗಳಿಗೆ ಪ್ರತ್ಯೇಕ ಹಾಳೆ ಇರಲಿ. ಆ ಕೊನೆಯ ಹಾಳೆ ಇಲ್ಲದಿದ್ದರೆ ಹೊಸದಾಗಿ ಬಂದ ಪ್ರತಿಯೊಬ್ಬರೂ ಅದೇ 25 ಸೀಸರ್ ಸಾಧ್ಯತೆಗಳನ್ನು ಮತ್ತೆ ಪ್ರಯತ್ನಿಸುತ್ತಾರೆ.

ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ಪ್ರಯತ್ನಿಸಿ ಗೆಲ್ಲುವುದೂ ಉಂಟು. 2012ರ ‘ಫೆಜ್’ ಆಟದ ಕಪ್ಪು ಶಿಲೆಯ ಒಗಟನ್ನು ಆಟಗಾರರು ಗುಂಪಾಗಿ ಹೀಗೇ ಮುರಿದರು. ಉತ್ತರ ಸಿಕ್ಕಿತು, ಅದೇ ಉತ್ತರ ಏಕೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಬಾಗಿಲು ತೆರೆದರೂ ಇಂಥ ಗೆಲುವು ನನಗೆ ಅರ್ಧ ಗೆಲುವೆನಿಸುತ್ತದೆ.

ಹೆಜ್ಜೆ 12: ದಾಟಬಾರದ ಗೆರೆ

ಎಲ್ಲರಿಗೂ ತೆರೆದಿಟ್ಟ ಪುಟ ಓದುವುದು ಸರಿ. ಸಂಸ್ಥೆಯ ಸರ್ವರ್‌ಗೆ ನುಗ್ಗಲು ಯತ್ನಿಸುವುದು, ಸುಳಿವಿನಲ್ಲಿ ಕೊಡದ ಪಾಸ್‌ವರ್ಡ್‌ಗಳನ್ನು ಊಹಿಸುತ್ತಾ ಕೂರುವುದು ಅಪರಾಧ. ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರವಾಣಿ ಸಂಖ್ಯೆ ಸಿಕ್ಕಿದರೆ ಅದು ಒಗಟಿನದ್ದೇ ಎಂದು ಖಚಿತವಾಗುವವರೆಗೆ ಕರೆ ಮಾಡಬೇಡಿ. ಒಂದು ಅಂಕಿ ತಪ್ಪಾಗಿದ್ದರೆ ಯಾರದೋ ಮನೆಗೆ ಸಾವಿರ ಜನ ಫೋನ್ ಮಾಡುತ್ತಾರೆ. ಕೆಲಸಗಾರರ ಕುಟುಂಬ, ಮನೆ ವಿಳಾಸ ಹುಡುಕುವುದು ಒಗಟು ಬಿಡಿಸುವುದಲ್ಲ, ಕಿರುಕುಳ. ‘ಸಂದೇಶ ಬಿಡಿಸಲು ಈ ಫೈಲ್ ಇನ್‌ಸ್ಟಾಲ್ ಮಾಡಿ’ ಎಂದು ಯಾರಾದರೂ ಆ್ಯಪ್ ಕಳಿಸಿದರೆ ತೆರೆಯಬೇಡಿ.

ಅಭ್ಯಾಸಕ್ಕೆ

ಉತ್ತರ ಗೊತ್ತಿರುವ ಹಳೆಯ ಒಗಟುಗಳಿಂದಲೇ ಶುರು ಮಾಡಿ, ಸುಲಭದಿಂದ ಕಷ್ಟಕ್ಕೆ. ಮೊದಲು ಸೈಬರ್‌ಪಂಕ್‌ನ 2018ರ ಜೂನ್ ಟ್ರೇಲರ್‌ನಲ್ಲಿ ಆ ಕೆಂಪು ಫ್ರೇಮನ್ನು ನೀವೇ ಹಿಡಿಯಿರಿ. ಆಮೇಲೆ ಡೂಮ್‌ನ ‘ಸೈಬರ್‌ಡೀಮನ್’ ಸಂಗೀತವನ್ನು ಆಡಾಸಿಟಿಯಲ್ಲಿ ತೆರೆದು ಅಂಕಿಗಳನ್ನು ಹುಡುಕಿ. ಬಾಹ್ಯಾಕಾಶ ನಿಲ್ದಾಣದ ಒಂದು ಧ್ವನಿಮುದ್ರಣವನ್ನು ಚಿತ್ರವಾಗಿಸಿ. ಅಷ್ಟಾದ ಮೇಲೆ ಪೋರ್ಟಲ್‌ನ ರೇಡಿಯೊಗಳಿಗೆ ಹೋಗಿ, ಒಂದನ್ನು ಎತ್ತಿಕೊಂಡು ದೀಪ ಹಸಿರಾಗುವ ಜಾಗ ಹುಡುಕಿ. ಕೊನೆಗೆ ಗೆಳೆಯರೊಬ್ಬರಿಗೆ ಹೆಕ್ಸ್‌ನಲ್ಲಿ ಎರಡು ಸಾಲು ಬರೆದುಕೊಡಿ. ಬೇಕಿದ್ದರೆ ಕನ್ನಡದಲ್ಲೇ ಬರೆಯಿರಿ: ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್, ಮೊದಲನೆಯದು ಯಾವಾಗಲೂ ಹೆಕ್ಸ್‌ನ ‘ಇ’ ಮತ್ತು ಸೊನ್ನೆ. ಮೂರು ಮೂರು ಬೈಟ್‌ಗೆ ಅದೇ ಜೋಡಿ ಮರಳುವುದನ್ನು ಅವರು ಗಮನಿಸುತ್ತಾರೆಯೇ ನೋಡಿ.